ಎಂಬತ್ತೆಂಟಕ್ಕೇ ಕುದಿಯುವ ನೀರು

ಮುರ್ಗಾಬಿನ ಎತ್ತರದಲ್ಲಿ ನೀರಿಗೆ ತಾಳ್ಮೆಯಿಲ್ಲ.
ನೂರರ ತನಕ ಕಾಯದೆ ಎಂಬತ್ತೆಂಟಕ್ಕೇ ಕುಣಿಯುತ್ತದೆ.
ಆಲೂಗಡ್ಡೆ ಬೇಯಲು ಅರ್ಧ ದಿನ,
ಎಂಜಿನ್ ಬೇಯಲು ಅರ್ಧ ಗಳಿಗೆ.

ಮೊನ್ನೆ ಅಕ್‌ಬೈತಾಲ್ ಕಣಿವೆಯ ಕೊನೇ ಏರಿನಲ್ಲಿ
ನನ್ನ ಉವಾಜ್ ಜೀಪು ಬುಸ್ಸೆಂದು ನಿಂತಿತು.
ಸಾಸಿವೆ ಪುಡಿ ತಿನ್ನಿಸಿ ಮೂರು ತಿಂಗಳು ದೂಡಿದ್ದ ರೇಡಿಯೇಟರು,
ಇನ್ನು ಯಾವ ಮದ್ದೂ ಬೇಡವೆಂದಿತು.
ಹಿಂದಿನ ಸೀಟಿನಲ್ಲಿ ಕುರಿ ಸೀನಿತು.
ಸೂಲಗಿತ್ತಿ ಐಜಮಾಲ್ ತನ್ನ ಫ್ಲಾಸ್ಕು ಚಾಚಿದಳು.
'ಹಾಲು, ಉಪ್ಪು ಹಾಕಿಲ್ಲ ತಾನೆ?' ಎಂದೆ.
'ಇಲ್ಲ, ಬರೀ ಕಪ್ಪು ಚಹಾ.'
ಹುಯ್ದೆ.
ಚಹಾ ಕುಡಿದು ಊರು ಮುಟ್ಟಿತು ಮುದಿ ಗಾಡಿ.

ಸಂತೆಯೆಂದರೆ ಇಲ್ಲಿ ಸಾಲು ಸಾಲು ಕಬ್ಬಿಣದ ಕಂಟೇನರುಗಳು.
ಏಳನೆಯದರಲ್ಲಿ ಕೊಜುಬೆಕ್ ಮೂರನ್ನು ತಂದಿಟ್ಟ.

ಒಂದು ಅಲ್ಯೂಮಿನಿಯಮ್, ಗಡಿಯಾಚೆಯದು,
ಮದುವೆಗೆ ಹೊರಟಂತೆ ಹೊಳೆಯುತ್ತಿತ್ತು.
ತಲೆಗೂ ಬುಡಕ್ಕೂ ಪ್ಲಾಸ್ಟಿಕ್ಕು.
ಎತ್ತಿದರೆ ಖಾಲಿ ಬುಟ್ಟಿಯಷ್ಟು ಹಗುರ.
ಒಡೆದರೆ? ಬೆಸೆಯುವವನು ಓಶ್‌ನಲ್ಲಿದ್ದಾನೆ,
ಎರಡು ದಿನದ ದಾರಿ, ರೇಡಿಯೇಟರಿಲ್ಲದೆ.

ಇನ್ನೊಂದು ಹೊಸ ತಾಮ್ರ, ಮೂರು ಸಾಲಿನ ಕೊಳವೆ,
ರಟ್ಟಿನ ಪೆಟ್ಟಿಗೆಯಲ್ಲಿ ಇನ್ನೂ ಗ್ರೀಸಿನ ವಾಸನೆ.
ಬೆಲೆ ಕೇಳಿ ನಾನು ಪೆಟ್ಟಿಗೆ ಮುಚ್ಚಿದೆ.
'ಕಾಸಿಗೆ ತಕ್ಕ ಕಜ್ಜಾಯ, ಬುರುಲ್ಕನ್' ಎಂದು ಕೊಜುಬೆಕ್ ನಕ್ಕ.
ಅವನ ಕಜ್ಜಾಯಕ್ಕೆ ನನ್ನ ಎರಡು ಯಾಕ್ ಹೋಗಬೇಕು.

ಮೂರನೆಯದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿತ್ತು.
ಹಳೇ ತಾಮ್ರ. ರೆಕ್ಕೆಗಳು ಅಲ್ಲಲ್ಲಿ ಮಡಚಿಕೊಂಡು.
ಮೇಲಿನ ಎಡ ಮೂಲೆಯಲ್ಲಿ ಬೆಸುಗೆಯ ಗಂಟು,
ಜೋಳದ ಕಾಳಿನಷ್ಟು.
ಗಂಟು ನೋಡಿದೊಡನೆ ಗುರುತು ಸಿಕ್ಕಿತು.

ಆ ರಾತ್ರಿ ದೀಪ ಹಿಡಿದವಳು ನಾನೇ.
ಹಿಮಗಾಳಿಯಲ್ಲಿ ಟೆರೆಸ್ಕೆನ್ ಬೇರು ಉರಿಸಿ, ಬೆಂಕಿಯ ಪಕ್ಕ,
ತೊಕ್ತೊಬೊಲೊತ್ ಬೆಸೆಯುತ್ತಿದ್ದ. 'ಹೆಂಗಸರ ಕೈ
ಹಿಟ್ಟು ನಾದಲಿಕ್ಕೆ' ಎಂದು ಬೈಯುತ್ತಲೇ
ಕ್ಲಚ್ಚು, ಗೇರು, ಸ್ಟಿಯರಿಂಗು ಎಲ್ಲ ಕಲಿಸಿದ ಮುದುಕ.
ಕಣ್ಣಿಗೆ ಪೊರೆ ಬಂದ ಮೇಲೆ
ತನ್ನ ಗಾಡಿಯನ್ನು ಬಿಡಿ ಬಿಡಿಯಾಗಿ ಮಾರಿದ.
ಬಾಗಿಲು ಒಬ್ಬರಿಗೆ, ಆಕ್ಸೆಲ್ ಒಬ್ಬರಿಗೆ,
ಹಾರ್ನು ಮಾತ್ರ ಮಂಚದ ಕೆಳಗೆ.

ಸಾಲ ಹೇಳಿ ಹೊತ್ತುಕೊಂಡು ಅವನ ಮನೆಗೇ ಹೋದೆ.
ಮಡಿಲಲ್ಲಿಟ್ಟೆ. ಹೆಬ್ಬೆರಳಿನಿಂದ ಸಾಲು ಎಣಿಸಿದ.
ಗಂಟಿನ ಮೇಲೆ ಬೆರಳು ನಿಂತಿತು.
'ಇದು ಬೇಡ' ಎಂದ. 'ಚಳಿಗೆ ಮಾಡಿದ ಕೆಲಸ.
ನಿನ್ನ ದೀಪ ನಡುಗುತ್ತಿತ್ತು.'
'ನಡುಗಿದ್ದು ನಿನ್ನ ಕೈ' ಎಂದೆ.

ಬಟ್ಟೆ ಒಗೆಯುವ ತೊಟ್ಟಿಗೆ ನೀರು ತುಂಬಿ,
ಮುಳುಗಿಸಿ, ಕೆಳಗಿನ ಬಾಯಿಗೆ ಚಿಂದಿ ತುರುಕಿ,
ಮೇಲಿನ ಬಾಯಿಗೆ ನನ್ನ ಬಾಯಿಟ್ಟು ಊದಿದೆ.
ತುಕ್ಕಿನ ರುಚಿ, ಯಾವುದೋ ಹಳೇ ಪ್ರಯಾಣದ ಕಹಿ.
ಅವನು ತೊಟ್ಟಿಗೆ ಕಿವಿ ಕೊಟ್ಟು ಕುಳಿತ,
ಗುಳ್ಳೆ ಕಾಣುವುದಿಲ್ಲ ಅವನಿಗೆ, ಕೇಳುತ್ತದೆ.
ಊದಿದೆ. ಕಣ್ಣು ಕತ್ತಲೆ ಬರುವ ತನಕ ಊದಿದೆ.
ನನ್ನ ಉಸಿರು ಎಲ್ಲೂ ಹೊರಡಲಿಲ್ಲ,
ತಿರುಗಿ ನನ್ನ ಕೆನ್ನೆಯನ್ನೇ ಉಬ್ಬಿಸಿತು.

ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ಒದ್ದೆ ಕಿವಿ ಒರೆಸಿಕೊಳ್ಳುತ್ತ,
'ಕೊಜುಬೆಕ್ ಎಷ್ಟು ಹೇಳಿದ?'
ಹೇಳಿದೆ.
'ಕಳ್ಳ. ನನಗೆ ಅದರ ಅರ್ಧ ಕೊಟ್ಟಿದ್ದ.'
ಮತ್ತೆ, ಬಾಗಿಲ ತನಕ ಬಂದು,
'ಮುಚ್ಚಳ ಮಾತ್ರ ಹೊಸದು ತಗೋ.
ಅದರ ಸ್ಪ್ರಿಂಗು ಸತ್ತು ನಾಲ್ಕು ವರ್ಷ.
ಯಾರಿಗೂ ಹೇಳಿರಲಿಲ್ಲ.'